ಹಳೆ ಹಾರ್ಡ್ ಡಿಸ್ಕ್ ಕೈಬಿಡುವ ಮುಂಚೆ: ಡೇಟಾ ಅಳಿಸುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಂಪ್ಯೂಟರ್ ಹಳೆಯದಾಯಿತು ಎಂದು ಮಾರುತ್ತೇವೆ, ಯಾರಿಗೋ ಕೊಡುತ್ತೇವೆ, ಇಲ್ಲವೇ ಗುಜರಿಗೆ ಹಾಕುತ್ತೇವೆ. ಒಳಗಿನ ಡಿಸ್ಕ್ ಮಾತ್ರ ನಮ್ಮ ಎಷ್ಟೋ ವರ್ಷಗಳ ಕಾಗದಪತ್ರ, ಫೋಟೊ, ಪಾಸ್‌ವರ್ಡ್‌ಗಳನ್ನು ಹೊತ್ತುಕೊಂಡೇ ಹೋಗುತ್ತದೆ. ಅದನ್ನು ಸರಿಯಾಗಿ ಅಳಿಸುವುದು ಕಷ್ಟದ ಕೆಲಸವೇನಲ್ಲ. ಬೇಕಾದ ಸಾಫ್ಟ್‌ವೇರ್ ಎಲ್ಲ ಉಚಿತವಾಗಿ ಸಿಗುತ್ತದೆ. ಆದರೆ ಯಾವ ಡಿಸ್ಕ್‌ಗೆ ಯಾವ ವಿಧಾನ ಎಂದು ತಿಳಿದಿರಬೇಕು. ಹೆಚ್ಚಿನವರು ಎಡವುವುದು ಇಲ್ಲೇ. ಆದ್ದರಿಂದ ಉತ್ತರಗಳು ಕೆಲವು ಕಡೆ ಉದ್ದ ಆಗಿವೆ.

ಫೈಲ್‌ಗಳನ್ನೆಲ್ಲ ಡಿಲೀಟ್ ಮಾಡಿ, ರೀಸೈಕಲ್ ಬಿನ್ ಕೂಡ ಖಾಲಿ ಮಾಡಿದ್ದೇನೆ. ಇನ್ನೇನು ಉಳಿದಿರುತ್ತದೆ?

ಹಾರ್ಡ್ ಡಿಸ್ಕ್ ಆಗಿದ್ದರೆ ಹೆಚ್ಚುಕಡಿಮೆ ಎಲ್ಲವೂ ಉಳಿದಿರುತ್ತದೆ. ಡಿಲೀಟ್ ಒತ್ತಿದಾಗ ಆಪರೇಟಿಂಗ್ ಸಿಸ್ಟಂ ಆ ಫೈಲ್‌ನ ಹೆಸರನ್ನು ತನ್ನ ಪಟ್ಟಿಯಿಂದ ತೆಗೆಯುತ್ತದೆ. ಅದು ಕೂತಿದ್ದ ಜಾಗ ಇನ್ನು ಖಾಲಿ ಎಂದು ಗುರುತು ಹಾಕಿಕೊಳ್ಳುತ್ತದೆ. ಅಷ್ಟೇ. ಬಾಗಿಲ ಮೇಲಿನ ಹೆಸರಿನ ಫಲಕ ಕಿತ್ತರೆ ಮನೆಯೊಳಗಿನ ಸಾಮಾನು ಹೋಗುತ್ತದೆಯೇ? ಆ ಜಾಗದ ಮೇಲೆ ಬೇರೆ ಏನಾದರೂ ಬರೆಯುವ ತನಕ ಹಳೆಯದು ಅಲ್ಲೇ ಇರುತ್ತದೆ. ಡಿಸ್ಕ್ ದೊಡ್ಡದಿದ್ದರೆ ಅದಕ್ಕೆ ವರ್ಷಗಳೇ ಹಿಡಿಯಬಹುದು.

ಫೋಟೊರೆಕ್ ಎಂಬ ಉಚಿತ ಸಾಫ್ಟ್‌ವೇರ್ ಇದೆ. ಅದು ಫೈಲ್‌ಗಳ ಪಟ್ಟಿಯನ್ನು ನೋಡುವುದೇ ಇಲ್ಲ. ಡಿಸ್ಕ್ ಅನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತಾ, ಜೆಪೆಗ್ ಫೋಟೊ ಹೀಗೆ ಶುರುವಾಗುತ್ತದೆ, ಪಿಡಿಎಫ್ ಹೀಗೆ ಶುರುವಾಗುತ್ತದೆ ಎಂಬ ಗುರುತು ಹಿಡಿದು ಒಂದೊಂದೇ ಫೈಲ್ ಹೊರಗೆ ತೆಗೆಯುತ್ತದೆ. ಅದನ್ನು ಬಳಸಲು ವಿಶೇಷ ಪರಿಣತಿ ಬೇಕಿಲ್ಲ. ನಿಮ್ಮ ಡಿಸ್ಕ್ ಕೊಂಡವರು ಕುತೂಹಲಕ್ಕೆ ಸುಮ್ನೆ ಒಮ್ಮೆ ಓಡಿಸಿ ನೋಡಿದರೂ ಸಾಕು.

ಫಾರ್ಮ್ಯಾಟ್ ಮಾಡಿದರೆ ಸಾಕಲ್ವಾ?

ಯಾವ ಫಾರ್ಮ್ಯಾಟ್ ಎನ್ನುವುದರ ಮೇಲೆ ಹೋಗುತ್ತದೆ. ಕ್ವಿಕ್ ಫಾರ್ಮ್ಯಾಟ್ ಕೆಲವೇ ಸೆಕೆಂಡಿನಲ್ಲಿ ಮುಗಿಯುತ್ತದೆ. ಅಷ್ಟು ಹೊತ್ತಿನಲ್ಲಿ ಇಡೀ ಡಿಸ್ಕ್ ಅಳಿಸಲು ಸಾಧ್ಯವೇ ಇಲ್ಲ. ಅದು ಹೊಸ ಖಾಲಿ ಪಟ್ಟಿಯೊಂದನ್ನು ಬರೆದು ಸುಮ್ಮನಾಗುತ್ತದೆ.

ವಿಂಡೋಸ್‌ನಲ್ಲಿ ಕ್ವಿಕ್ ಎಂಬ ಟಿಕ್ ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡಿದರೆ ವಿಷಯ ಬೇರೆ. ವಿಂಡೋಸ್ ವಿಸ್ಟಾದಿಂದ ಈಚೆಗೆ ಪೂರ್ತಿ ಫಾರ್ಮ್ಯಾಟ್ ಎಂದರೆ ಆ ಪಾರ್ಟಿಷನ್ (ಸಿ, ಡಿ ಎಂದು ಕಾಣುವ, ಡಿಸ್ಕ್‌ನ ಒಂದು ಭಾಗ) ತುಂಬ ಸೊನ್ನೆ ಬರೆಯುತ್ತದೆ. ಎಕ್ಸ್‌ಪಿ ಕಾಲದಲ್ಲಿ ಹೀಗಿರಲಿಲ್ಲ. ಆಗ ಅದು ಕೆಟ್ಟ ಸೆಕ್ಟರ್‌ಗಳನ್ನು, ಅಂದರೆ ಡಿಸ್ಕ್‌ನ ಹಾಳಾದ ಸಣ್ಣ ತುಣುಕುಗಳನ್ನು ಹುಡುಕುತ್ತಿತ್ತು, ಡೇಟಾವನ್ನು ಮುಟ್ಟುತ್ತಿರಲಿಲ್ಲ. ಇನ್ನೊಂದು ಮಾತು: ಫಾರ್ಮ್ಯಾಟ್ ಆಗುವುದು ಒಂದು ಪಾರ್ಟಿಷನ್ ಮಾತ್ರ. ಸಿ ಡ್ರೈವ್ ಅಳಿಸಿ, ಅದೇ ಡಿಸ್ಕ್‌ನಲ್ಲಿರುವ ಡಿ ಡ್ರೈವ್ ಹಾಗೇ ಬಿಟ್ಟವರು ಬೇಕಾದಷ್ಟು ಜನ ಇದ್ದಾರೆ. ಆದ್ದರಿಂದ ಇಡೀ ಡಿಸ್ಕ್ ಅನ್ನು ಒಟ್ಟಿಗೆ ಅಳಿಸುವ ವಿಧಾನವೇ ಒಳ್ಳೆಯದು.

ನನ್ನ ಡಿಸ್ಕ್‌ನಲ್ಲಿ ಗುಟ್ಟಿನ ವಿಷಯ ಏನೂ ಇಲ್ಲ. ಇಷ್ಟೆಲ್ಲ ಬೇಕಾ?

ಬೇಕು. ನೀವು ಇಟ್ಟಿದ್ದು ಇದೆ ಎಂದು ನಿಮಗೆ ಗೊತ್ತು. ಕಂಪ್ಯೂಟರ್ ತಾನಾಗಿ ಇಟ್ಟಿದ್ದು ಗೊತ್ತಿರುವುದಿಲ್ಲ. ಬ್ರೌಸರ್ ನೆನಪಿಟ್ಟುಕೊಂಡ ಪಾಸ್‌ವರ್ಡ್‌ಗಳು, ಲಾಗಿನ್ ಆಗಿಯೇ ಉಳಿದ ಖಾತೆಗಳು, ಮೇಲ್‌ಗೆ ಬಂದ ಅಟ್ಯಾಚ್‌ಮೆಂಟ್‌ಗಳ ನಕಲು, ಎಂದೋ ಸ್ಕ್ಯಾನ್ ಮಾಡಿದ ಗುರುತಿನ ಚೀಟಿ, ತೆರಿಗೆ ಕಾಗದ, ಸಹಿ ಇರುವ ಅರ್ಜಿ. ಒಬ್ಬರ ಹೆಸರಿನಲ್ಲಿ ಸಾಲ ತೆಗೆಯಲು ಇಷ್ಟು ಸಾಕು. ಅಲ್ಲದೆ ಆ ಡಿಸ್ಕ್‌ನಲ್ಲಿ ಇರುವುದು ನೀವೊಬ್ಬರೇ ಅಲ್ಲ. ಮಕ್ಕಳ ಫೋಟೊ, ಗೆಳೆಯರ ನಂಬರ್, ಮನೆಯವರ ವೈದ್ಯಕೀಯ ವರದಿ ಎಲ್ಲ ಅಲ್ಲಿವೆ. ಅವರು ನಿಮ್ಮನ್ನು ನಂಬಿ ಕೊಟ್ಟದ್ದು ಅದು. ‘ನನಗೇನೂ ಪರವಾಗಿಲ್ಲ’ ಎಂದು ಅವರ ಪರವಾಗಿ ಹೇಳುವ ಹಕ್ಕು ನಮಗಿಲ್ಲ.

ಅಮೆರಿಕದ ಎಂಐಟಿಯ ಸಿಮ್ಸನ್ ಗಾರ್ಫಿಂಕೆಲ್ ಮತ್ತು ಅಭಿ ಶೆಲಟ್ ಇದನ್ನು ಪರೀಕ್ಷಿಸಿಯೇ ನೋಡಿದರು. 2000ದಿಂದ 2002ರ ನಡುವೆ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಿಂದ 158 ಡಿಸ್ಕ್ ಕೊಂಡರು. ಕೆಲಸ ಮಾಡುತ್ತಿದ್ದವು 129. ಅವುಗಳಲ್ಲಿ ಸರಿಯಾಗಿ ಅಳಿಸಿದ್ದವು ಬರೀ 12. ಉಳಿದವುಗಳಿಂದ 5,000ಕ್ಕೂ ಹೆಚ್ಚು ಕ್ರೆಡಿಟ್ ಕಾರ್ಡ್ ನಂಬರ್‌ಗಳು ಸಿಕ್ಕವು. ಒಂದು ಡಿಸ್ಕ್ ಎಟಿಎಂ ಒಳಗಿನಿಂದ ಬಂದಂತಿತ್ತು. 2003ರಲ್ಲಿ ಅವರು ಇದನ್ನು ಪ್ರಕಟಿಸಿದರು. ಮಾರಿದವರಲ್ಲಿ ಬಹಳ ಮಂದಿ ಡಿಲೀಟನ್ನೋ ಫಾರ್ಮ್ಯಾಟನ್ನೋ ಮಾಡಿ, ಕೆಲಸ ಮುಗಿಯಿತು ಎಂದುಕೊಂಡವರೇ.

ಅಳಿಸುವ ಮುಂಚೆ ಏನೇನು ನೋಡಿಕೊಳ್ಳಬೇಕು?

ಮೊದಲು ಬ್ಯಾಕಪ್. ಬೇಕಾದ್ದನ್ನು ಬೇರೆ ಕಡೆ ನಕಲು ಮಾಡಿದರೆ ಸಾಲದು, ಅಲ್ಲಿಂದ ನಾಲ್ಕಾರು ಫೈಲ್ ತೆರೆದು ನೋಡಿ. ಡೆಸ್ಕ್‌ಟಾಪ್, ಡೌನ್‌ಲೋಡ್ಸ್, ಬ್ರೌಸರ್ ಬುಕ್‌ಮಾರ್ಕ್, ಮೇಲ್ ಸಾಫ್ಟ್‌ವೇರ್‌ನ ಫೈಲ್, ಲೆಕ್ಕಪತ್ರದ ಸಾಫ್ಟ್‌ವೇರ್‌ನ ಡೇಟಾ ಇವು ಸಾಮಾನ್ಯವಾಗಿ ಮರೆತುಹೋಗುತ್ತವೆ. ದುಡ್ಡು ಕೊಟ್ಟು ಕೊಂಡ ಸಾಫ್ಟ್‌ವೇರ್ ಇದ್ದರೆ ಅದರ ಲೈಸೆನ್ಸ್ ಬಿಡಿಸಿಕೊಳ್ಳಿ. ಕೆಲವು ಸಾಫ್ಟ್‌ವೇರ್‌ಗಳಲ್ಲಿ ಹಳೆ ಯಂತ್ರ ಕೈಬಿಟ್ಟ ಮೇಲೆ ಅದು ತಲೆನೋವು.

ಎರಡನೆಯದು ಇನ್ನೂ ಮುಖ್ಯ. ಅಳಿಸಬೇಕಾದ ಡಿಸ್ಕ್ ಬಿಟ್ಟು ಉಳಿದ ಎಲ್ಲ ಡಿಸ್ಕ್, ಪೆನ್ ಡ್ರೈವ್‌ಗಳನ್ನು ಕಳಚಿಡಿ. ಬ್ಯಾಕಪ್ ಇಟ್ಟ ಡಿಸ್ಕ್ ಅನ್ನಂತೂ ಖಂಡಿತ ಕಳಚಿ. ಅಳಿಸುವ ಸಾಫ್ಟ್‌ವೇರ್‌ಗಳು ಡಿಸ್ಕ್ ಅನ್ನು 0, 1, 2 ಎಂಬ ಸಂಖ್ಯೆಯಿಂದ ಗುರುತಿಸುತ್ತವೆ. ಒಂದು ಸಂಖ್ಯೆ ತಪ್ಪಿದರೆ ಬೇರೆಯದೇ ಅಳಿಸಿಹೋಗುತ್ತದೆ, ಮತ್ತೆ ಬರುವುದಿಲ್ಲ. ಡಿಸ್ಕ್ ಮೇಲಿನ ಚೀಟಿಯಲ್ಲಿ ಸೀರಿಯಲ್ ನಂಬರ್ ಇರುತ್ತದೆ. ಪರದೆಯಲ್ಲಿ ಕಾಣುವ ನಂಬರ್ ಅದೇ ಹೌದಾ ಎಂದು ಹೊಂದಿಸಿ ನೋಡಿ, ಆಮೇಲೆ ಮುಂದುವರಿಯಿರಿ.

ನನ್ನದು ಹಾರ್ಡ್ ಡಿಸ್ಕಾ, ಎಸ್‌ಎಸ್‌ಡಿಯಾ? ತಿಳಿಯುವುದು ಹೇಗೆ?

ಹಾರ್ಡ್ ಡಿಸ್ಕ್ (ಎಚ್‌ಡಿಡಿ) ತಿರುಗುವ ತಟ್ಟೆಗಳಲ್ಲಿ ಡೇಟಾ ಇಡುತ್ತದೆ, ಎಸ್‌ಎಸ್‌ಡಿ ಮೆಮೊರಿ ಚಿಪ್‌ಗಳಲ್ಲಿ ಇಡುತ್ತದೆ. ವಿಂಡೋಸ್ 10 ಅಥವಾ 11ರಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ಎಂಬಲ್ಲಿ ನೋಡಿದರೆ ಡಿಸ್ಕ್ ಹೆಸರಿನ ಕೆಳಗೆ ಎಚ್‌ಡಿಡಿ ಅಥವಾ ಎಸ್‌ಎಸ್‌ಡಿ ಎಂದು ಬರೆದಿರುತ್ತದೆ. ಹೊರಗೆ ತೆಗೆದ ಡಿಸ್ಕ್ ಆಗಿದ್ದರೆ ಚೀಟಿ ಓದಿ. ಆರ್‌ಪಿಎಂ ಎಂಬ ಅಕ್ಷರದ ಜೊತೆ 5400 ಅಥವಾ 7200 ಎಂದಿದ್ದರೆ ಅದು ತಿರುಗುವ ತಟ್ಟೆಗಳಿರುವ ಹಾರ್ಡ್ ಡಿಸ್ಕ್. ಕೈಯಲ್ಲಿ ಹಿಡಿದಾಗ ತೂಕವಿದ್ದು, ಆನ್ ಮಾಡಿದಾಗ ಸದ್ದು, ಸಣ್ಣ ನಡುಕ ಬಂದರೂ ಅದೇ. ಚೂಯಿಂಗ್ ಗಮ್ ಪಟ್ಟಿಯಷ್ಟು ಸಪೂರ ಬೋರ್ಡ್ ಆಗಿದ್ದರೆ ಅದು ಎಂ.2 ಎಸ್‌ಎಸ್‌ಡಿ. ಈ ಒಂದು ಪ್ರಶ್ನೆಗೆ ಉತ್ತರ ಸಿಗದೆ ಮುಂದಕ್ಕೆ ಹೋಗಬೇಡಿ.

ಹಾರ್ಡ್ ಡಿಸ್ಕ್ ಅಳಿಸುವುದು ಹೇಗೆ?

ಇಡೀ ಡಿಸ್ಕ್ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಸೊನ್ನೆಗಳನ್ನು ಬರೆಯಬೇಕು. ಸೊನ್ನೆ ತುಂಬಿಸುವುದು ಎಂದು ಕರೆಯೋಣ. ಇದಕ್ಕೆ ದಾರಿ ಹಲವು.

ವಿಂಡೋಸ್‌ನಲ್ಲಿ ಬೇರೆ ಏನೂ ಹಾಕಿಕೊಳ್ಳದೆ ಮಾಡುವುದಾದರೆ ಡಿಸ್ಕ್‌ಪಾರ್ಟ್ ಇದೆ. ಕಮಾಂಡ್ ಪ್ರಾಂಪ್ಟ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಡಿಸ್ಕ್‌ಪಾರ್ಟ್ ಓಡಿಸಿ. ‘ಲಿಸ್ಟ್ ಡಿಸ್ಕ್’ ಕೊಟ್ಟರೆ ಪಟ್ಟಿ ಬರುತ್ತದೆ. ಬೇಕಾದ್ದನ್ನು ‘ಸೆಲೆಕ್ಟ್ ಡಿಸ್ಕ್’ ಎಂದು ಸಂಖ್ಯೆ ಕೊಟ್ಟು ಆರಿಸಿ, ‘ಕ್ಲೀನ್ ಆಲ್’ ಎಂದು ಕೊಡಿ. ಇಲ್ಲಿ ‘ಆಲ್’ ಬಿಡಲೇಬೇಡಿ. ಬರೀ ‘ಕ್ಲೀನ್’ ಕೊಟ್ಟರೆ ಪಾರ್ಟಿಷನ್ ಮಾಹಿತಿ ಮಾತ್ರ ಹೋಗುತ್ತದೆ, ಡೇಟಾ ಎಲ್ಲ ಉಳಿಯುತ್ತದೆ. ‘ಕ್ಲೀನ್ ಆಲ್’ ಓಡುವಾಗ ಎಷ್ಟಾಯಿತು ಎಂದು ತೋರಿಸುವುದಿಲ್ಲ. ಗಂಟೆಗಟ್ಟಲೆ ಪರದೆ ಹಾಗೇ ನಿಂತಿರುತ್ತದೆ. ಕೆಟ್ಟಿತು ಅಂದುಕೊಂಡು ಮಧ್ಯದಲ್ಲಿ ನಿಲ್ಲಿಸಬೇಡಿ.

ವಿಂಡೋಸ್ ಇರುವ ಡಿಸ್ಕ್ ಅನ್ನೇ ಅದರೊಳಗೆ ಕೂತು ಹೀಗೆ ಅಳಿಸಲು ಆಗುವುದಿಲ್ಲ. ಆ ಲ್ಯಾಪ್‌ಟಾಪ್ ಅನ್ನು ಇಡಿಯಾಗಿ ಬೇರೆಯವರಿಗೆ ಕೊಡುವುದಾದರೆ ಸೆಟ್ಟಿಂಗ್ಸ್‌ನಲ್ಲಿ ‘ರೀಸೆಟ್ ದಿಸ್ ಪಿಸಿ’ ಬಳಸಬಹುದು. ‘ರಿಮೂವ್ ಎವೆರಿಥಿಂಗ್’ ಆರಿಸಿ. ಆಮೇಲೆ ‘ಚೇಂಜ್ ಸೆಟ್ಟಿಂಗ್ಸ್’ ಒಳಗೆ ಹೋಗಿ ‘ಕ್ಲೀನ್ ಡೇಟಾ’ ಎಂಬುದನ್ನು ಆನ್ ಮಾಡಿ. ಅದನ್ನು ಆನ್ ಮಾಡದಿದ್ದರೆ ಆಗುವುದು ಮಾಮೂಲಿ ಡಿಲೀಟ್ ಮಟ್ಟದ ಕೆಲಸ. ಮನೆಬಳಕೆಯ ಕಂಪ್ಯೂಟರ್ ಪರಿಚಿತರಿಗೆ ಹೋಗುವಾಗ ಇದು ಸಾಕು. ಅದಕ್ಕಿಂತ ಗಟ್ಟಿಯಾದದ್ದು ಬೇಕಿದ್ದರೆ ಪೆನ್ ಡ್ರೈವ್‌ನಿಂದ ಬೂಟ್ ಮಾಡುವ ಶ್ರೆಡ್‌ಓಎಸ್ ಬಳಸಿ. ಅದರೊಳಗೆ ಎನ್‌ವೈಪ್ ಎಂಬ ಸಾಫ್ಟ್‌ವೇರ್ ಇರುತ್ತದೆ. ಡಿಸ್ಕ್ ಆರಿಸಿ, ಸೊನ್ನೆ ತುಂಬುವ ವಿಧಾನ ಆರಿಸಿ, ಶುರು ಮಾಡಿದರಾಯಿತು. ಎಷ್ಟಾಯಿತು, ಇನ್ನೆಷ್ಟು ಹೊತ್ತು ಎಂದು ಪರದೆಯಲ್ಲೇ ತೋರಿಸುತ್ತದೆ. ಕೊನೆಯಲ್ಲಿ ತಾನೇ ಓದಿ ಪರೀಕ್ಷೆಯನ್ನೂ ಮಾಡುತ್ತದೆ. ನಾನು ಎಲ್ಲರಿಗೂ ಹೇಳುವುದು ಇದನ್ನೇ. ಡಿಬಿಎಎನ್ ಎಂಬ ಹಳೆಯ ಅಳಿಸುವ ಸಾಫ್ಟ್‌ವೇರ್‌ನ ಹೆಸರು ಈಗಲೂ ಎಲ್ಲ ಕಡೆ ಕೇಳಿಬರುತ್ತದೆ. ಆದರೆ ಅದರ ಕೊನೆಯ ಆವೃತ್ತಿ ಬಂದದ್ದು 2015ರಲ್ಲಿ. ಹೊಸ ಯಂತ್ರಗಳಲ್ಲಿ ಬೂಟ್ ಆಗದೆ ತೊಂದರೆ ಕೊಡುತ್ತದೆ.

ಲಿನಕ್ಸ್ ಬಳಸುವವರಿಗೆ ಡಿಡಿ, ಶ್ರೆಡ್ ಎಂಬ ಕಮಾಂಡ್‌ಗಳು ಎರಡೂ ಕೈಯಲ್ಲೇ ಇವೆ. ಪಾರ್ಟಿಷನ್ ಹೆಸರು ಕೊಡದೆ ಇಡೀ ಡಿಸ್ಕ್‌ನ ಹೆಸರು ಕೊಡಬೇಕು ಎನ್ನುವುದನ್ನು ನೆನಪಿಟ್ಟರೆ ಸಾಕು. ಹಾರ್ಡ್ ಡಿಸ್ಕ್ ಇರುವ ಹಳೆ ಮ್ಯಾಕ್‌ನಲ್ಲಿ ಡಿಸ್ಕ್ ಯುಟಿಲಿಟಿಯ ‘ಇರೇಸ್’ ಒಳಗೆ ‘ಸೆಕ್ಯುರಿಟಿ ಆಪ್ಷನ್ಸ್’ ಇರುತ್ತದೆ. ಅಲ್ಲಿ ಮೊದಲ ಮಟ್ಟ ಅಂದರೆ ಬರೀ ಮಾಮೂಲಿ ಅಳಿಸುವಿಕೆ. ಅದರಿಂದ ಒಂದು ಹೆಜ್ಜೆಯಾದರೂ ಮುಂದಕ್ಕೆ ಎಳೆಯಿರಿ.

ಎಷ್ಟು ಸಲ ಅಳಿಸಬೇಕು? 7 ಸಲ, 35 ಸಲ ಅಂತಾರಲ್ಲ?

ಒಂದು ಸಲ ಸಾಕು. ಇದನ್ನು ಧೈರ್ಯವಾಗಿ ಹೇಳುತ್ತೇನೆ, ಯಾಕೆಂದರೆ 35ರ ಕಥೆ ಎಲ್ಲಿಂದ ಬಂತು ಎಂದು ನೋಡಿದರೆ ಭಯ ತಾನಾಗಿ ಹೋಗುತ್ತದೆ.

1996ರಲ್ಲಿ ಪೀಟರ್ ಗಟ್‌ಮನ್ ಎಂಬ ಕಂಪ್ಯೂಟರ್ ವಿಜ್ಞಾನಿ ಒಂದು ಪ್ರಬಂಧ ಬರೆದರು. ಅಂದಿನ ಡಿಸ್ಕ್‌ಗಳಲ್ಲಿ ಬಿಟ್‌ಗಳನ್ನು ಬರೆಯುವ ಕ್ರಮ ಹಲವು ಬಗೆಯದಿತ್ತು. ಒಂದೊಂದು ಬಗೆಗೂ ತಕ್ಕ ಮಾದರಿಗಳನ್ನು ಅವರು ಪಟ್ಟಿ ಮಾಡಿದರು. ನಿಮ್ಮ ಡಿಸ್ಕ್ ಯಾವ ಬಗೆಯದೆಂದು ಗೊತ್ತಿಲ್ಲದಿದ್ದರೆ ಎಲ್ಲವನ್ನೂ ಬರೆಯಿರಿ ಎಂದು ಕೂಡಿಸಿದಾಗ 35 ಆಯಿತು. ಯಾವ ಒಂದು ಡಿಸ್ಕ್‌ಗೂ ಅಷ್ಟೂ ಬೇಕಿರಲಿಲ್ಲ. ಆಮೇಲೆ ಜನ 35 ಅನ್ನೋದನ್ನು ಮಂತ್ರದ ಹಾಗೆ ಹಿಡಿದುಕೊಂಡರು. ಗಟ್‌ಮನ್ ಅವರೇ ಮುಂದೆ ಅದಕ್ಕೆ ಟಿಪ್ಪಣಿ ಸೇರಿಸಿ, ಈಗಿನ ಡಿಸ್ಕ್‌ಗಳಿಗೆ ಪೂರ್ತಿ 35 ಸಲ ಬರೆಯುವುದರಲ್ಲಿ ಅರ್ಥವಿಲ್ಲ ಎಂದರು.

ಈಗಿನ ತಟ್ಟೆಗಳಲ್ಲಿ ಬಿಟ್‌ಗಳು ಎಷ್ಟು ಒತ್ತೊತ್ತಾಗಿ ಕೂತಿವೆ ಎಂದರೆ, ಮೇಲೆ ಒಮ್ಮೆ ಬರೆದ ನಂತರ ಅಡಿಯಲ್ಲಿ ಏನಿತ್ತು ಎಂದು ತಿಳಿಯುವಂಥ ಪಳೆಯುಳಿಕೆ ಉಳಿಯುವುದಿಲ್ಲ. ಅಮೆರಿಕದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ 2006ರಲ್ಲಿ ಹೊರತಂದ 800-88 ಎಂಬ ಮಾರ್ಗಸೂಚಿಯ 2014ರ ಪರಿಷ್ಕೃತ ಆವೃತ್ತಿ ಕೂಡ ಇದನ್ನೇ ಹೇಳಿತು. ಅದರ ಪ್ರಕಾರ ಆಯಸ್ಕಾಂತೀಯ ಡಿಸ್ಕ್‌ಗೆ ಸೊನ್ನೆಯಂಥ ಒಂದೇ ಮಾದರಿಯನ್ನು ಒಂದೇ ಸಲ ಬರೆದರೆ, ಅತ್ಯಾಧುನಿಕ ಪ್ರಯೋಗಾಲಯಕ್ಕೂ ಸಾಮಾನ್ಯವಾಗಿ ಡೇಟಾ ಸಿಗುವುದಿಲ್ಲ. ನಿಮ್ಮ ಸಂಸ್ಥೆಯ ನಿಯಮವೇ ಮೂರು ಸಲ ಎಂದಿದ್ದರೆ ಮೂರು ಸಲ ಮಾಡಿ. ಇಲ್ಲದಿದ್ದರೆ ಒಂದು ಸಲ ಸರಿಯಾಗಿ ಮಾಡಿ, ಉಳಿದ ಹೊತ್ತನ್ನು ಪರೀಕ್ಷೆಗೆ ಇಡಿ. ಪರೀಕ್ಷೆಯಿಂದ ಆಗುವ ಲಾಭ ಎರಡನೇ ಸುತ್ತಿಗಿಂತ ಎಷ್ಟೋ ಜಾಸ್ತಿ.

ಎಷ್ಟು ಹೊತ್ತು ಹಿಡಿಯುತ್ತದೆ?

ಸೆಕೆಂಡಿಗೆ 150 ಎಂಬಿ ವೇಗದಲ್ಲಿ ಬರೆದರೆ 1 ಟಿಬಿಗೆ ಸುಮಾರು 2 ಗಂಟೆ, 4 ಟಿಬಿಗೆ ಏಳೂವರೆ ಗಂಟೆ. ಹಳೆ ಯುಎಸ್‌ಬಿ 2.0 ಕೇಬಲ್‌ನಲ್ಲಿ ಸೆಕೆಂಡಿಗೆ 30 ಎಂಬಿ ಆಸುಪಾಸು ಸಿಗುವುದರಿಂದ 1 ಟಿಬಿಗೇ 9 ಗಂಟೆ ಮೀರುತ್ತದೆ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಹಾಕಿ, ಸ್ಲೀಪ್ ಆಗದಂತೆ ಸೆಟ್ ಮಾಡಿ, ರಾತ್ರಿ ಬಿಟ್ಟು ಮಲಗಿ.

ಎಸ್‌ಎಸ್‌ಡಿಗೂ ಹೀಗೇ ಸೊನ್ನೆ ತುಂಬಿಸಿದರೆ ಆಗುತ್ತಾ?

ಬಹುಪಾಲು ಹೋಗುತ್ತದೆ, ಪೂರ್ತಿ ಹೋಯಿತು ಎಂಬ ಖಾತ್ರಿ ಸಿಗುವುದಿಲ್ಲ. ಕಾರಣ ಎಸ್‌ಎಸ್‌ಡಿ ಕೆಲಸ ಮಾಡುವ ರೀತಿ. ಅದರ ಚಿಪ್‌ನ ಪ್ರತಿ ಭಾಗವನ್ನೂ ಇಂತಿಷ್ಟೇ ಸಲ ಬರೆದು ಅಳಿಸಬಹುದು. ಒಂದೇ ಜಾಗ ಬೇಗ ಸವೆಯದಿರಲಿ ಎಂದು ಒಳಗಿನ ಕಂಟ್ರೋಲರ್ ಬರವಣಿಗೆಯನ್ನು ಎಲ್ಲ ಕಡೆ ಹಂಚುತ್ತದೆ. ನೀವು ಒಂದು ಫೈಲ್ ಮೇಲೆ ಸೊನ್ನೆ ಬರೆಯಲು ಹೇಳಿದರೆ ಅದು ಆ ಸೊನ್ನೆಗಳನ್ನು ಬೇರೆ ಜಾಗದಲ್ಲಿ ಬರೆದು, ‘ಆ ಫೈಲ್ ಈಗ ಇಲ್ಲಿದೆ’ ಎಂದು ನಕ್ಷೆ ತಿದ್ದಿಕೊಳ್ಳುತ್ತದೆ. ಹಳೆಯದು ಚಿಪ್‌ನಲ್ಲಿ ಸ್ವಲ್ಪ ಕಾಲ ಉಳಿಯುತ್ತದೆ. ಇದರ ಜೊತೆಗೆ ಆಪರೇಟಿಂಗ್ ಸಿಸ್ಟಂಗೆ ಕಾಣದ ಹೆಚ್ಚುವರಿ ಜಾಗವೂ ಒಳಗಿರುತ್ತದೆ. ಅಲ್ಲಿಗೆ ನಮ್ಮ ಸೊನ್ನೆಗಳು ತಲುಪುತ್ತವೆ ಎಂದು ನಂಬುವಂತಿಲ್ಲ.

2011ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಕೇಂದ್ರದ ಸಂಶೋಧಕರು ಎಸ್‌ಎಸ್‌ಡಿಗಳನ್ನು ಅಳಿಸಿ, ಆಮೇಲೆ ಚಿಪ್‌ಗಳನ್ನು ನೇರವಾಗಿ ಓದಿ ನೋಡಿದರು. ಹಾರ್ಡ್ ಡಿಸ್ಕ್‌ಗೆಂದು ಮಾಡಿದ, ಒಂದೊಂದೇ ಫೈಲ್ ಅಳಿಸುವ ವಿಧಾನ ಯಾವುದೂ ಎಸ್‌ಎಸ್‌ಡಿಯಲ್ಲಿ ಕೆಲಸ ಮಾಡಲಿಲ್ಲ. ಇಡೀ ಡಿಸ್ಕ್ ಮೇಲೆ ಎರಡು ಸಲ ಬರೆದಾಗ ಸಾಮಾನ್ಯವಾಗಿ ಅಳಿಯುತ್ತಿತ್ತು, ಆದರೆ ಪ್ರತಿ ಸಲವೂ ಅಲ್ಲ. ಡ್ರೈವ್‌ನೊಳಗೇ ಇರುವ ಅಳಿಸುವ ಕಮಾಂಡ್ ಚೆನ್ನಾಗಿ ಕೆಲಸ ಮಾಡಿತು. ಅದನ್ನು ಕೆಲವು ತಯಾರಕರು ಸರಿಯಾಗಿ ಅಳವಡಿಸಿರಲಿಲ್ಲ ಎಂಬುದೂ ಬಯಲಾಯಿತು.

ಹಾಗಾದರೆ ಎಸ್‌ಎಸ್‌ಡಿ ಅಳಿಸುವ ಸರಿಯಾದ ದಾರಿ ಯಾವುದು?

ಡ್ರೈವ್‌ಗೇ ‘ನಿನ್ನನ್ನು ನೀನು ಅಳಿಸಿಕೋ’ ಎಂದು ಹೇಳಬೇಕು. ಸಾಟಾ, ಎನ್‌ವಿಎಂಇ ಎಂಬವು ಎಸ್‌ಎಸ್‌ಡಿ ಕಂಪ್ಯೂಟರ್ ಜೊತೆ ಮಾತಾಡುವ ಎರಡು ಬಗೆ. ಸಾಟಾ ಎಸ್‌ಎಸ್‌ಡಿಯಲ್ಲಿ ಆ ಕಮಾಂಡ್‌ಗೆ ಸೆಕ್ಯೂರ್ ಇರೇಸ್ ಎಂದು ಹೆಸರು. ಎನ್‌ವಿಎಂಇ ಎಸ್‌ಎಸ್‌ಡಿಯಲ್ಲಿ ಫಾರ್ಮ್ಯಾಟ್ ಮತ್ತು ಸ್ಯಾನಿಟೈಸ್ ಎಂಬ ಎರಡು ಕಮಾಂಡ್ ಇವೆ. ಡ್ರೈವ್‌ನಲ್ಲಿ ಸೌಲಭ್ಯ ಇದ್ದರೆ ಸ್ಯಾನಿಟೈಸ್ ಆರಿಸಿ. ಮಧ್ಯದಲ್ಲಿ ಕರೆಂಟ್ ಹೋದರೂ ಅದು ಕೆಲಸ ಕೈಬಿಡುವುದಿಲ್ಲ, ಕರೆಂಟ್ ಬಂದ ಮೇಲೆ ಮುಂದುವರಿಸುತ್ತದೆ.

ಇವನ್ನು ಕೊಡುವ ಸುಲಭದ ದಾರಿ ಎಂದರೆ ತಯಾರಕರ ಸಾಫ್ಟ್‌ವೇರ್. ಸ್ಯಾಮ್‌ಸಂಗ್ ಮೆಜಿಶಿಯನ್, ಕ್ರೂಶಿಯಲ್ ಸ್ಟೋರೇಜ್ ಎಕ್ಸಿಕ್ಯೂಟಿವ್, ಸೀಗೇಟ್ ಸೀಟೂಲ್ಸ್ ಹೀಗೆ. ಅನೇಕ ಲ್ಯಾಪ್‌ಟಾಪ್‌ಗಳ ಬಯೋಸ್ (ಆನ್ ಮಾಡಿದ ಕೂಡಲೇ ತೆರೆಯಬಹುದಾದ ಸೆಟ್ಟಿಂಗ್ಸ್ ಪರದೆ) ಒಳಗೂ ಡಿಸ್ಕ್ ಅಳಿಸುವ ಆಯ್ಕೆ ಇರುತ್ತದೆ. ಮೊದಲು ಅಲ್ಲೇ ಹುಡುಕಿ. ಲಿನಕ್ಸ್‌ನಲ್ಲಿ ಸಾಟಾಗೆ ಎಚ್‌ಡಿಪಾರ್ಮ್, ಎನ್‌ವಿಎಂಇಗೆ ಎನ್‌ವಿಎಂಇ-ಸಿಎಲ್‌ಐ ಇವೆ.

ಎಚ್‌ಡಿಪಾರ್ಮ್ ಬಳಸುವಾಗ ಡ್ರೈವ್ ‘ಫ್ರೋಜನ್’ ಎಂದು ತೋರಿಸಿ ಕಮಾಂಡ್ ತಿರಸ್ಕರಿಸುವುದುಂಟು. ಕಂಪ್ಯೂಟರ್ ಅನ್ನು ಒಮ್ಮೆ ಸ್ಲೀಪ್ ಮಾಡಿ ಎಬ್ಬಿಸಿದರೆ ಸಾಮಾನ್ಯವಾಗಿ ಬಿಡುತ್ತದೆ. ಸೆಕ್ಯೂರ್ ಇರೇಸ್‌ಗೆ ಮುಂಚೆ ಡ್ರೈವ್‌ಗೆ ತಾತ್ಕಾಲಿಕ ಪಾಸ್‌ವರ್ಡ್ ಹಾಕಬೇಕಾಗುತ್ತದೆ. ಅದನ್ನು ಬರೆದಿಟ್ಟುಕೊಳ್ಳಿ. ಮಧ್ಯದಲ್ಲಿ ಕೆಲಸ ನಿಂತರೆ ಡ್ರೈವ್ ಲಾಕ್ ಆಗಿಯೇ ಉಳಿಯುತ್ತದೆ. ಯುಎಸ್‌ಬಿ ಕೇಸ್‌ನಲ್ಲಿ ಹಾಕಿದ ಡ್ರೈವ್‌ಗೆ ಈ ಕಮಾಂಡ್‌ಗಳು ಅನೇಕ ಸಲ ತಲುಪುವುದೇ ಇಲ್ಲ. ಡ್ರೈವ್ ಅನ್ನು ಮದರ್‌ಬೋರ್ಡ್‌ಗೆ ನೇರವಾಗಿ ಜೋಡಿಸಿ.

ಆಪಲ್ ಚಿಪ್ ಅಥವಾ ಟಿ2 ಚಿಪ್ ಇರುವ ಮ್ಯಾಕ್‌ನಲ್ಲಿ ಕೆಲಸ ತುಂಬಾ ಸುಲಭ. 2021ರ ಮಾಂಟೆರೇ ಆವೃತ್ತಿಯಿಂದ ಈಚೆಗೆ ‘ಇರೇಸ್ ಆಲ್ ಕಂಟೆಂಟ್ ಆ್ಯಂಡ್ ಸೆಟ್ಟಿಂಗ್ಸ್’ ಇದೆ. ಡೇಟಾ ಮೊದಲೇ ಎನ್‌ಕ್ರಿಪ್ಟ್ (ಕೀಲಿ ಇಲ್ಲದೆ ಓದಲಾಗದ ಗೂಢಲಿಪಿ) ಆಗಿರುವುದರಿಂದ ಅದು ಕೀಲಿಯನ್ನು ನಾಶ ಮಾಡುತ್ತದೆ, ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ.

ಎನ್‌ಕ್ರಿಪ್ಷನ್ ಇದ್ದರೆ ಅಳಿಸುವ ಅಗತ್ಯ ಇಲ್ವಾ?

ಅಗತ್ಯ ಇದೆ, ಆದರೆ ಕೆಲಸ ಹಗುರವಾಗುತ್ತದೆ. ಈ ಇಡೀ ಪುಟದಲ್ಲಿ ಒಂದೇ ಸಲಹೆ ಕೊಡಿ ಎಂದರೆ ನಾನು ಕೊಡುವುದು ಇದು: ಹೊಸ ಡಿಸ್ಕ್ ಕೊಂಡ ದಿನವೇ ಎನ್‌ಕ್ರಿಪ್ಷನ್ ಆನ್ ಮಾಡಿ. ವಿಂಡೋಸ್‌ನಲ್ಲಿ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್, ಮ್ಯಾಕ್‌ನಲ್ಲಿ ಫೈಲ್‌ವಾಲ್ಟ್, ಲಿನಕ್ಸ್‌ನಲ್ಲಿ ಲಕ್ಸ್, ಎಲ್ಲ ಕಡೆಗೂ ವೆರಾಕ್ರಿಪ್ಟ್. ಹೀಗಿದ್ದರೆ ಡಿಸ್ಕ್ ಮೇಲೆ ಬೀಳುವುದೆಲ್ಲ ಅರ್ಥವಾಗದ ಅಕ್ಷರಗಳೇ. ಕೀಲಿ ಹೋದರೆ ಡೇಟಾ ಹೋದಂತೆ. ಎಸ್‌ಎಸ್‌ಡಿಯ ಮೂಲೆಯಲ್ಲಿ ಚೂರು ಉಳಿದರೂ, ಕೆಟ್ಟ ಸೆಕ್ಟರ್‌ನಲ್ಲಿ ಏನಾದರೂ ಸಿಕ್ಕಿಕೊಂಡರೂ ಯಾರಿಗೂ ಪ್ರಯೋಜನವಿಲ್ಲ. ಮುಂದೊಂದು ದಿನ ಡಿಸ್ಕ್ ದಿಢೀರನೆ ಕೆಟ್ಟು ಅಳಿಸಲೂ ಆಗದೆ ಹೋದಾಗ, ಇದೊಂದೇ ನಿಮ್ಮನ್ನು ಕಾಯುತ್ತದೆ.

ಈಗಾಗಲೇ ಬಳಸಿದ ಡಿಸ್ಕ್‌ಗೆ ಬಿಟ್‌ಲಾಕರ್ ಹಾಕುವಾಗ ಬಳಸಿದ ಜಾಗ ಮಾತ್ರ ಸಾಕಾ, ಇಡೀ ಡ್ರೈವ್ ಬೇಕಾ ಎಂದು ಕೇಳುತ್ತದೆ. ಇಡೀ ಡ್ರೈವ್ ಎನ್ನಿ. ಇಲ್ಲದಿದ್ದರೆ ಹಿಂದೆ ಡಿಲೀಟ್ ಮಾಡಿದ ಫೈಲ್‌ಗಳು ಖಾಲಿ ಜಾಗದಲ್ಲಿ ಎನ್‌ಕ್ರಿಪ್ಟ್ ಆಗದೆ ಉಳಿಯುತ್ತವೆ. ಡ್ರೈವ್ ತಾನೇ ಮಾಡುವ ಹಾರ್ಡ್‌ವೇರ್ ಎನ್‌ಕ್ರಿಪ್ಷನ್ ಒಂದನ್ನೇ ನೆಚ್ಚಿಕೊಳ್ಳಬೇಡಿ. 2018ರಲ್ಲಿ ನೆದರ್ಲೆಂಡ್ಸ್‌ನ ರಾಡ್‌ಬೌಡ್ ವಿಶ್ವವಿದ್ಯಾಲಯದ ಸಂಶೋಧಕರು ಹೆಸರಾಂತ ಎಸ್‌ಎಸ್‌ಡಿಗಳಲ್ಲೇ ಅದು ಸರಿಯಿಲ್ಲ ಎಂದು ತೋರಿಸಿದರು. ಮರುವರ್ಷ ಮೈಕ್ರೋಸಾಫ್ಟ್ ಬಿಟ್‌ಲಾಕರ್ ತಾನಾಗಿ ಸಾಫ್ಟ್‌ವೇರ್ ಎನ್‌ಕ್ರಿಪ್ಷನ್ ಬಳಸುವಂತೆ ಬದಲಾಯಿಸಿತು.

ಡಿಸ್ಕ್ ಕೈಬಿಡುವಾಗ ಮಾತ್ರ ಪೂರ್ತಿ ಫಾರ್ಮ್ಯಾಟ್ ಅಥವಾ ಸೆಕ್ಯೂರ್ ಇರೇಸ್ ಮಾಡಿಯೇ ಕೊಡಿ. ಪಾಸ್‌ವರ್ಡ್ ಸುಲಭದ್ದಾಗಿದ್ದರೆ ಊಹಿಸಬಹುದಲ್ವಾ? ಕೀಲಿಯ ಮಾಹಿತಿ ಡಿಸ್ಕ್‌ನಿಂದ ಹೋದ ಮೇಲೆ ಊಹಿಸಿಯೂ ಉಪಯೋಗವಿಲ್ಲ.

ಪೆನ್ ಡ್ರೈವ್, ಮೆಮೊರಿ ಕಾರ್ಡ್?

ಇವುಗಳಲ್ಲೂ ಎಸ್‌ಎಸ್‌ಡಿಯಂಥದೇ ಚಿಪ್. ಆದರೆ ಅಳಿಸುವ ಕಮಾಂಡ್ ಸಾಮಾನ್ಯವಾಗಿ ಇರುವುದಿಲ್ಲ. ಪೂರ್ತಿ ಫಾರ್ಮ್ಯಾಟ್ ಮಾಡಿ ನೀವೇ ಬಳಸಿಕೊಳ್ಳಿ. ಸೂಕ್ಷ್ಮ ವಿಷಯ ಇದ್ದದ್ದಾದರೆ ಬೇರೆಯವರಿಗೆ ಕೊಡದೆ ಚಿಪ್ ಚೂರಾಗುವಂತೆ ಮುರಿಯಿರಿ.

ಡಿಸ್ಕ್ ಕೆಟ್ಟಿದೆ, ಕಂಪ್ಯೂಟರ್‌ಗೆ ಕಾಣುವುದೇ ಇಲ್ಲ. ಹಾಗೇ ಎಸೆಯಬಹುದಾ?

ಎಸೆಯಬೇಡಿ. ಹಾರ್ಡ್ ಡಿಸ್ಕ್ ಕೆಡುವುದು ಎಂದರೆ ಹೆಚ್ಚಾಗಿ ಅದರ ಸರ್ಕ್ಯೂಟ್ ಬೋರ್ಡ್, ಮೋಟಾರ್ ಅಥವಾ ಓದಿ ಬರೆಯುವ ಹೆಡ್ ಕೆಡುವುದು. ಡೇಟಾ ಇರುವ ತಟ್ಟೆಗಳು ಚೆನ್ನಾಗಿಯೇ ಇರುತ್ತವೆ. 2003ರಲ್ಲಿ ಕೊಲಂಬಿಯಾ ಬಾಹ್ಯಾಕಾಶ ನೌಕೆ ಭೂಮಿಗೆ ಮರಳುವಾಗ ಛಿದ್ರವಾಯಿತು. ಅವಶೇಷಗಳಲ್ಲಿ ಸುಟ್ಟು ಕರಗಿದ ಒಂದು ಹಾರ್ಡ್ ಡಿಸ್ಕ್ ಸಿಕ್ಕಿತು. ಡೇಟಾ ಮರಳಿ ಪಡೆಯುವ ಕಂಪನಿಯೊಂದು ಅದರ ತಟ್ಟೆಗಳನ್ನು ತೊಳೆದು ಬೇರೆ ಡ್ರೈವ್‌ಗೆ ಹಾಕಿ ಸುಮಾರು 99 ಶೇಕಡಾ ಡೇಟಾ ತೆಗೆಯಿತು. ಆಕಾಶದಿಂದ ಬಿದ್ದ ಡಿಸ್ಕ್‌ನಿಂದ ಇಷ್ಟು ಸಿಕ್ಕಿದೆ ಎಂದ ಮೇಲೆ, ಮೇಜಿನಿಂದ ಬಿದ್ದು ಕೆಟ್ಟ ಡಿಸ್ಕ್‌ನ ಗತಿ ನೀವೇ ಯೋಚಿಸಿ.

ಅರ್ಧ ಕೆಟ್ಟ ಡಿಸ್ಕ್ ಕೂಡ ಹೀಗೇ. ಒಂದು ಸೆಕ್ಟರ್ ಹಾಳಾದಾಗ ಡಿಸ್ಕ್ ಅದನ್ನು ಬದಿಗಿಟ್ಟು ಬೇರೆ ಸೆಕ್ಟರ್ ಬಳಸುತ್ತದೆ. ಬದಿಗಿಟ್ಟದ್ದರಲ್ಲಿ ಹಳೆ ಡೇಟಾ ಇರಬಹುದು, ಸೊನ್ನೆ ತುಂಬಿಸಿದರೆ ಅಲ್ಲಿಗೆ ತಲುಪುವುದಿಲ್ಲ. ಡಿಸ್ಕ್‌ನ ಸ್ಥಿತಿ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಸಾಫ್ಟ್‌ವೇರ್ ತೆರೆದು ‘ರೀಅಲೊಕೇಟೆಡ್ ಸೆಕ್ಟರ್ಸ್’ ಎಷ್ಟಿದೆ ನೋಡಿ. ಸೊನ್ನೆ ಇದ್ದರೆ ನಿಶ್ಚಿಂತೆ. ಜಾಸ್ತಿ ಇದ್ದರೆ, ಡಿಸ್ಕ್‌ನಲ್ಲಿ ‘ಎನ್‌ಹ್ಯಾನ್ಸ್‌ಡ್’ ಸೆಕ್ಯೂರ್ ಇರೇಸ್ ಸೌಲಭ್ಯ ಇದ್ದರೆ ಅದನ್ನು ಬಳಸಿ. ಅದು ಬದಿಗಿಟ್ಟ ಸೆಕ್ಟರ್‌ಗಳಿಗೂ ಹೋಗಬೇಕೆಂಬುದು ನಿಯಮ. ಇಲ್ಲದಿದ್ದರೆ ಒಡೆಯುವುದೇ ಸರಿ.

ಒಡೆಯುವುದು ಹೇಗೆ? ಸುತ್ತಿಗೆ, ಆಯಸ್ಕಾಂತ, ನೀರು, ಬೆಂಕಿ?

ನೀರಿನಲ್ಲಿ ಮುಳುಗಿಸಿದರೆ ಡೇಟಾ ಹೋಗುವುದಿಲ್ಲ. ಫ್ರಿಜ್ ಬಾಗಿಲಿಗೆ ಅಂಟಿಸುವ ಆಯಸ್ಕಾಂತದಿಂದ ಏನೂ ಆಗುವುದಿಲ್ಲ. ಡಿಸ್ಕ್‌ನೊಳಗೇ ಅದಕ್ಕಿಂತ ಬಲವಾದ ಆಯಸ್ಕಾಂತ ಇದೆ. ದೊಡ್ಡ ಸಂಸ್ಥೆಗಳು ಡೀಗಾಸರ್ ಎಂಬ ಭಾರಿ ಯಂತ್ರ ಬಳಸುತ್ತವೆ. ಅದು ಹಾರ್ಡ್ ಡಿಸ್ಕ್‌ಗೆ ಸರಿ, ಆಮೇಲೆ ಆ ಡಿಸ್ಕ್ ಮತ್ತೆ ಬಳಕೆಗೆ ಬರುವುದಿಲ್ಲ. ಎಸ್‌ಎಸ್‌ಡಿಯಲ್ಲಿ ಆಯಸ್ಕಾಂತದ ಕೆಲಸವೇ ಇಲ್ಲದ್ದರಿಂದ ಡೀಗಾಸರ್ ಅದಕ್ಕೆ ನಿರುಪಯೋಗಿ. ಬೆಂಕಿಗಂತೂ ಹಾಕಲೇಬೇಡಿ, ವಿಷದ ಹೊಗೆ ಬರುತ್ತದೆ.

ಹಾರ್ಡ್ ಡಿಸ್ಕ್‌ನಲ್ಲಿ ನಿಮ್ಮ ಗುರಿ ತಟ್ಟೆಗಳು. ಹೊರಗಿನ ಕವಚ ಜಜ್ಜಿದರೆ ಸಾಲದು. ನಕ್ಷತ್ರಾಕಾರದ ಟಾರ್ಕ್ಸ್ ಸ್ಕ್ರೂಡ್ರೈವರ್‌ನಿಂದ ಮುಚ್ಚಳ ತೆಗೆದು ತಟ್ಟೆಗಳನ್ನು ಬಗ್ಗಿಸಿ, ಗೀಚಿ, ಅಥವಾ ಎಲ್ಲ ತಟ್ಟೆಗಳನ್ನೂ ಹಾಯುವಂತೆ ಹಲವು ಕಡೆ ಡ್ರಿಲ್ ಮಾಡಿ. ಲ್ಯಾಪ್‌ಟಾಪ್‌ನ ಸಣ್ಣ ಡಿಸ್ಕ್‌ಗಳಲ್ಲಿ ತಟ್ಟೆ ಅನೇಕ ಸಲ ಗಾಜಿನದು. ಸಿಡಿದು ಚೂರು ಕಣ್ಣಿಗೆ ಹಾರಬಹುದು. ಕನ್ನಡಕ, ದಪ್ಪ ಕೈಗವಸು ಬೇಕೇ ಬೇಕು. ಡಿಸ್ಕ್ ಮೇಲೆ ದಪ್ಪ ಬಟ್ಟೆ ಸುತ್ತಿಕೊಳ್ಳಿ. ಮಕ್ಕಳು ಹತ್ತಿರ ಇರಬಾರದು. ಎಸ್‌ಎಸ್‌ಡಿಯಲ್ಲಿ ಬೋರ್ಡ್ ಮೇಲಿನ ಕಪ್ಪು ಚೌಕದ ಪ್ರತಿ ಮೆಮೊರಿ ಚಿಪ್ ಕೂಡ ಚೂರಾಗಬೇಕು. ಒಂದು ಚಿಪ್ ಉಳಿದರೂ ಅದನ್ನು ಕಿತ್ತು ಓದಬಹುದು. ಬ್ಯಾಟರಿ ಒಳಗಿರುವ ಲ್ಯಾಪ್‌ಟಾಪ್ ಅಥವಾ ಫೋನ್‌ಗೆ ಯಾವ ಕಾರಣಕ್ಕೂ ಡ್ರಿಲ್ ಹಾಕಬೇಡಿ. ಲಿಥಿಯಂ ಬ್ಯಾಟರಿ ಚುಚ್ಚಿದರೆ ಹೊತ್ತಿಕೊಳ್ಳುತ್ತದೆ.

ಆದರೆ ಚೆನ್ನಾಗಿ ಓಡುತ್ತಿರುವ ಡಿಸ್ಕ್ ಅನ್ನು ಭಯದಿಂದ ಒಡೆಯುವುದು ನನಗೆ ನಿಜಕ್ಕೂ ಬೇಸರ ತರುತ್ತದೆ. ಸರಿಯಾಗಿ ಅಳಿಸಿದ ಡಿಸ್ಕ್ ಇನ್ನೊಬ್ಬ ವಿದ್ಯಾರ್ಥಿಯ ಕಂಪ್ಯೂಟರ್‌ನಲ್ಲಿ ಇನ್ನೂ ಹಲವು ವರ್ಷ ದುಡಿಯಬಲ್ಲದು.

ಅಳಿಸಿದ್ದು ನಿಜವಾಗಿ ಅಳಿದಿದೆಯಾ ಎಂದು ನೋಡುವುದು ಹೇಗೆ?

ಹಾರ್ಡ್ ಡಿಸ್ಕ್ ಆದರೆ ಎಚ್‌ಎಕ್ಸ್‌ಡಿ ತರಹದ ಹೆಕ್ಸ್ ಎಡಿಟರ್‌ನಲ್ಲಿ (ಡಿಸ್ಕ್‌ನಲ್ಲಿ ಬರೆದಿರುವುದನ್ನು ಬೈಟ್ ಬೈಟಾಗಿ ತೋರಿಸುವ ಸಾಫ್ಟ್‌ವೇರ್) ಇಡೀ ಡಿಸ್ಕ್ ತೆರೆಯಿರಿ. ಮೊದಲು, ನಡುವೆ, ಕೊನೆಯಲ್ಲಿ, ಮನಬಂದ ಹತ್ತಾರು ಕಡೆ ನೋಡಿ. ಎಲ್ಲ ಕಡೆ 00 ಕಾಣಬೇಕು. ಆಮೇಲೆ ಫೋಟೊರೆಕ್ ಓಡಿಸಿ. ಒಂದು ಫೈಲೂ ಸಿಗಬಾರದು. ಡಿಸ್ಕ್‌ನ ಚೀಟಿಯಲ್ಲಿರುವ ಗಾತ್ರ, ಸಾಫ್ಟ್‌ವೇರ್ ತೋರಿಸುವ ಗಾತ್ರ ಎರಡನ್ನೂ ಹೋಲಿಸಿ. ಕಡಿಮೆ ತೋರಿಸಿದರೆ ಎಚ್‌ಪಿಎ ಎಂಬ ಮರೆಮಾಡಿದ ಭಾಗ ಇರಬಹುದು. ಕೆಲವು ತಯಾರಕರು ರಿಕವರಿ ಸಾಫ್ಟ್‌ವೇರ್ ಇಡಲು ಅದನ್ನು ಬಳಸುತ್ತಿದ್ದರು. ಎಚ್‌ಡಿಪಾರ್ಮ್‌ನಿಂದ ಅದನ್ನು ತೆರೆದು ಮತ್ತೊಮ್ಮೆ ಅಳಿಸಬಹುದು. (ಚೀಟಿಯ 1 ಟಿಬಿ ವಿಂಡೋಸ್‌ನಲ್ಲಿ 931 ಜಿಬಿ ಎಂದು ಕಾಣುವುದು ಸಹಜ, ಅದು ಎಣಿಕೆಯ ಕ್ರಮದ ವ್ಯತ್ಯಾಸ.)

ಎಸ್‌ಎಸ್‌ಡಿಯಲ್ಲಿ ಸೊನ್ನೆ ಕಂಡರೆ ಅದನ್ನೇ ಪೂರ್ತಿ ಸಾಕ್ಷಿ ಎಂದು ತಿಳಿಯಬೇಡಿ. ಟ್ರಿಮ್ ಆದ, ಅಂದರೆ ಇನ್ನು ಬೇಡ ಎಂದು ಆಪರೇಟಿಂಗ್ ಸಿಸ್ಟಂ ಡ್ರೈವ್‌ಗೆ ತಿಳಿಸಿದ ಜಾಗವನ್ನು ಓದಿದರೆ ಚಿಪ್‌ನಲ್ಲಿ ಹಳೆಯದು ಇದ್ದರೂ ಅನೇಕ ಕಂಟ್ರೋಲರ್‌ಗಳು ಸೊನ್ನೆಯನ್ನೇ ಕೊಡುತ್ತವೆ. ಸೆಕ್ಯೂರ್ ಇರೇಸ್ ಅಥವಾ ಸ್ಯಾನಿಟೈಸ್ ಯಶಸ್ವಿಯಾಯಿತು ಎಂಬ ವರದಿ, ಜೊತೆಗೆ ಮೊದಲಿನಿಂದಲೂ ಎನ್‌ಕ್ರಿಪ್ಷನ್. ಇವೆರಡೂ ಇದ್ದರೆ ನೆಮ್ಮದಿಯಿಂದ ಇರಿ.

ಕಚೇರಿಯ ಡಿಸ್ಕ್‌ಗಳನ್ನು ಹೊರಗಿನವರಿಗೆ ವಹಿಸಿದರೆ ಜವಾಬ್ದಾರಿ ಮುಗಿಯಿತಾ?

ಇಲ್ಲ. ಅಮೆರಿಕದ ಹಣಕಾಸು ಸಂಸ್ಥೆ ಮಾರ್ಗನ್ ಸ್ಟ್ಯಾನ್ಲಿಯ ಪ್ರಕರಣ ಇದಕ್ಕೆ ದೊಡ್ಡ ಉದಾಹರಣೆ. ಸಾವಿರಾರು ಹಾರ್ಡ್ ಡಿಸ್ಕ್, ಸರ್ವರ್‌ಗಳನ್ನು ವಿಲೇವಾರಿ ಮಾಡಲು ಅದು ಕೆಲಸ ಒಪ್ಪಿಸಿದ್ದು ಡೇಟಾ ನಾಶದ ಅನುಭವವೇ ಇಲ್ಲದ ಸಾಮಾನು ಸಾಗಿಸುವ ಕಂಪನಿಗೆ. ಅವುಗಳಲ್ಲಿ ಕೆಲವು ಗ್ರಾಹಕರ ಮಾಹಿತಿಯ ಸಮೇತ ಆನ್‌ಲೈನ್ ಹರಾಜಿಗೆ ಬಂದವು. 2022ರಲ್ಲಿ ಅಮೆರಿಕದ ಷೇರುಪೇಟೆ ನಿಯಂತ್ರಣ ಸಂಸ್ಥೆ ಎಸ್‌ಇಸಿ 3.5 ಕೋಟಿ ಡಾಲರ್ ದಂಡ ಹಾಕಿತು. ಸುಮಾರು 1.5 ಕೋಟಿ ಗ್ರಾಹಕರ ಮಾಹಿತಿ ರಕ್ಷಿಸಲಿಲ್ಲ ಎಂಬುದು ಆರೋಪ.

ಆದ್ದರಿಂದ ಪ್ರತಿ ಡಿಸ್ಕ್‌ನ ಸೀರಿಯಲ್ ನಂಬರ್ ಬರೆದಿಡಿ. ಯಾರು, ಯಾವ ದಿನ, ಯಾವ ವಿಧಾನದಲ್ಲಿ ಅಳಿಸಿದರು, ಯಾರು ಪರೀಕ್ಷಿಸಿದರು ಎಂಬುದು ಅದರ ಎದುರಿಗೆ ಇರಲಿ. ಹೊರಗಿನವರು ಕೊಡುವ ಪ್ರಮಾಣಪತ್ರದಲ್ಲೂ ಸೀರಿಯಲ್ ನಂಬರ್ ಇರಬೇಕು. ‘50 ಡಿಸ್ಕ್ ನಾಶ ಮಾಡಲಾಗಿದೆ’ ಎಂದಷ್ಟೇ ಇದ್ದರೆ ಒಪ್ಪಬೇಡಿ. ಸಾಧ್ಯವಾದರೆ ಕಟ್ಟಡ ಬಿಡುವ ಮುಂಚೆಯೇ ಅಳಿಸಿ ಕೊಡಿ.

ಕಂಪ್ಯೂಟರ್ ಬಿಟ್ಟು ಬೇರೆ ಎಲ್ಲಿ ಡಿಸ್ಕ್ ಅಡಗಿರುತ್ತದೆ?

ಕಚೇರಿಯ ದೊಡ್ಡ ಜೆರಾಕ್ಸ್ ಯಂತ್ರ, ಸಿಸಿಟಿವಿಯ ರೆಕಾರ್ಡರ್, ನೆಟ್‌ವರ್ಕ್ ಸ್ಟೋರೇಜ್ ಪೆಟ್ಟಿಗೆ, ಗೇಮ್ ಕನ್ಸೋಲ್, ಕಾರ್ಯಕ್ರಮ ರೆಕಾರ್ಡ್ ಮಾಡುವ ಸೆಟ್‌ಟಾಪ್ ಬಾಕ್ಸ್. ಜೆರಾಕ್ಸ್ ಯಂತ್ರವನ್ನು ಜನ ಮರೆತೇಬಿಡುತ್ತಾರೆ. ಅದು ನಕಲು ತೆಗೆದ ಕಾಗದಗಳ ಚಿತ್ರವನ್ನು ತನ್ನ ಡಿಸ್ಕ್‌ನಲ್ಲಿ ಇಟ್ಟುಕೊಂಡಿರಬಹುದು. ಅಮೆರಿಕದ ಅಫಿನಿಟಿ ಹೆಲ್ತ್ ಪ್ಲಾನ್ ಎಂಬ ಆರೋಗ್ಯ ವಿಮಾ ಸಂಸ್ಥೆ ಬಾಡಿಗೆಗೆ ತಂದ ಇಂಥ ಯಂತ್ರಗಳನ್ನು ಅಳಿಸದೆ ಹಿಂತಿರುಗಿಸಿತ್ತು. 2013ರಲ್ಲಿ ಅದು 12 ಲಕ್ಷ ಡಾಲರ್‌ಗೂ ಹೆಚ್ಚು ಕಟ್ಟಬೇಕಾಯಿತು. ಬಾಡಿಗೆ ಯಂತ್ರ ಹಿಂತಿರುಗಿಸುವ ಮುಂಚೆ ಸೆಟ್ಟಿಂಗ್ಸ್‌ನಲ್ಲಿ ಡಿಸ್ಕ್ ಅಳಿಸುವ ಆಯ್ಕೆ ಹುಡುಕಿ. ಇಲ್ಲದಿದ್ದರೆ ಒಪ್ಪಂದದಲ್ಲೇ ಬರೆಸಿಕೊಳ್ಳಿ.

ಅಳಿಸಿ ಆಯಿತು. ಈಗ ಡಿಸ್ಕ್ ಎಲ್ಲಿಗೆ ಹಾಕಲಿ?

ಓಡುತ್ತಿದ್ದರೆ ಮಾರಿ, ದಾನ ಕೊಡಿ, ಅಥವಾ ಎರಡನೇ ಬ್ಯಾಕಪ್‌ಗೆ ಇಟ್ಟುಕೊಳ್ಳಿ. ಮಾರುವಾಗ ಡಿಸ್ಕ್‌ನ ಸ್ಥಿತಿ ತೋರಿಸುವ ಸ್ಮಾರ್ಟ್ ವರದಿಯನ್ನೂ ಜೊತೆಗೆ ಕೊಟ್ಟರೆ ಕೊಳ್ಳುವವರಿಗೆ ನಂಬಿಕೆ ಬರುತ್ತದೆ. ಓಡದಿದ್ದರೆ ಮನೆಯ ಕಸಕ್ಕೆ ಸೇರಿಸದೆ ಅಧಿಕೃತ ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ಕೊಡಿ. ಒಡೆದ ಚೂರುಗಳೂ ಅಲ್ಲಿಗೇ ಹೋಗಲಿ. ಅದರಲ್ಲಿ ಅಲ್ಯುಮಿನಿಯಂ, ತಾಮ್ರ, ಜೊತೆಗೆ ನಿಯೋಡಿಮಿಯಂ ಎಂಬ ಅಪರೂಪದ ಲೋಹದ ಆಯಸ್ಕಾಂತಗಳಿವೆ. ಡಿಸ್ಕ್ ತೆರೆದಾಗ ಆ ಆಯಸ್ಕಾಂತಗಳ ನಡುವೆ ಬೆರಳು ಸಿಕ್ಕದಂತೆ ನೋಡಿಕೊಳ್ಳಿ, ಚರ್ಮ ಜಜ್ಜಿ ಹೋಗುವಷ್ಟು ಬಲವಾಗಿ ಅವು ಕಚ್ಚುತ್ತವೆ.